ಅರ್ಥಶಾಸ್ತ್ರ ಪದವಿ: ಓದು ಒಂದೇ, ದಾರಿ ಹಲವು

ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ: 'ಬಿ.ಎ. ಓದಿ ಮುಂದೇನು ಮಾಡುವುದು?' ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ವ್ಯಾಸಂಗದ ಕೊನೆಯಲ್ಲಿ ಒಂದು ವೃತ್ತಿಯ ಹೆಸರು ಸಿದ್ಧವಾಗಿರುತ್ತದೆ. ಅರ್ಥಶಾಸ್ತ್ರ ಓದಿದವರಿಗೆ ಅಂಥ ಒಂದೇ ಹೆಸರಿಲ್ಲ. ಅವರು ಬ್ಯಾಂಕಿನಲ್ಲೂ ಇದ್ದಾರೆ, ತಹಶೀಲ್ದಾರರ ಕಚೇರಿಯಲ್ಲೂ ಇದ್ದಾರೆ. ಕಾಲೇಜಿನ ತರಗತಿ, ಪತ್ರಿಕಾ ಕಚೇರಿ, ನ್ಯಾಯಾಲಯ, ಸಾಫ್ಟ್‌ವೇರ್ ಸಂಸ್ಥೆಗಳಲ್ಲೂ ಇದ್ದಾರೆ.

ಹಾಗೆಂದು ಪದವಿ ಪ್ರಮಾಣಪತ್ರ ಕೈಗೆ ಬಂದೊಡನೆ ಇಷ್ಟೂ ಬಾಗಿಲುಗಳು ತಾವಾಗಿಯೇ ತೆರೆಯುವುದಿಲ್ಲ. ಅರ್ಥಶಾಸ್ತ್ರದ ಜೊತೆಗೆ ವಿದ್ಯಾರ್ಥಿ ಇನ್ನೇನನ್ನು ಕಲಿತಿದ್ದಾನೆ ಎಂಬುದರ ಮೇಲೆ ಯಾವ ದಾರಿ ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದು ನಿರ್ಧಾರವಾಗುತ್ತದೆ. ಈ ನಿರ್ಧಾರದ ಬಹುಪಾಲು ಆಗುವುದು ಪದವಿ ಮುಗಿದ ಮೇಲಲ್ಲ, ಕಾಲೇಜಿನ ಪ್ರವೇಶ ಅರ್ಜಿ ತುಂಬುವ ದಿನ. ಅನೇಕರಿಗೆ ಇದು ತಿಳಿಯುವುದು ಮೂರು ವರ್ಷ ಕಳೆದ ಮೇಲೆ.

ವಿಷಯ ಕಲಿಸುವುದೇನು?

ಅರ್ಥಶಾಸ್ತ್ರವೆಂದರೆ ಹಣದ ಶಾಸ್ತ್ರ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಆಯ್ಕೆಯ ಶಾಸ್ತ್ರ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯಲ್ಲಿರುವ ಹಾಸಿಗೆಯೇ ಅರ್ಥಶಾಸ್ತ್ರದ ಸೀಮಿತ ಸಂಪನ್ಮೂಲ. ಇರುವ ಹಾಸಿಗೆಯಲ್ಲಿ ಯಾರ ಕಾಲಿಗೆ ಎಷ್ಟು ಜಾಗ ಎಂಬುದು ಈ ವಿಷಯದ ಮೂಲ ಪ್ರಶ್ನೆ.

ರಾಮನಗರದ ಸುತ್ತಲಿನ ರೈತನೊಬ್ಬ ತನ್ನ ಒಂದು ಎಕರೆಯಲ್ಲಿ ರಾಗಿ ಬಿತ್ತಬೇಕೇ, ಹಿಪ್ಪುನೇರಳೆ ಹಾಕಬೇಕೇ ಎಂದು ಯೋಚಿಸುತ್ತಾನೆ ಎನ್ನೋಣ. ರೇಷ್ಮೆಗೂಡಿಗೆ ಬರುವ ಬೆಲೆಯಲ್ಲಿ ಸೊಪ್ಪು, ಗೊಬ್ಬರ, ಕೂಲಿಯ ಖರ್ಚನ್ನು ಕಳೆದರೆ ಲೆಕ್ಕ ಮುಗಿಯುವುದಿಲ್ಲ. ಕೈಬಿಟ್ಟ ರಾಗಿಯಿಂದ ಮನೆಗೆ ಬರಬಹುದಾಗಿದ್ದ ಕಾಳು, ದನಕ್ಕೆ ಸಿಗುತ್ತಿದ್ದ ಹುಲ್ಲು, ಗೂಡಿನ ದರ ಬಿದ್ದರೆ ಆಗುವ ನಷ್ಟ ಇವನ್ನೂ ಎಣಿಸಬೇಕು. ಇದನ್ನೇ ಪಠ್ಯಪುಸ್ತಕ ಅವಕಾಶ ವೆಚ್ಚ ಎನ್ನುತ್ತದೆ.

ಸರ್ಕಾರಕ್ಕೂ ಇದೇ ಲೆಕ್ಕ. ಮಹಿಳೆಯರಿಗೆ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆ ರಾಜ್ಯದಲ್ಲಿ 2023ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ ಪರವಾಗಿಯೋ ವಿರೋಧವಾಗಿಯೋ ಮಾತನಾಡುವುದು ಸುಲಭ. ಬೊಕ್ಕಸಕ್ಕೆ ಆದ ಖರ್ಚೆಷ್ಟು, ದುಡಿಮೆಗೆ ಹೊರಟ ಮಹಿಳೆಯರ ಸಂಖ್ಯೆ ಹೆಚ್ಚಿತೇ, ಹೆಚ್ಚಿದ್ದರೆ ಅದಕ್ಕೆ ಈ ಯೋಜನೆಯೇ ಕಾರಣವೇ ಎಂದು ಅಂಕಿ-ಅಂಶಗಳಿಂದ ಬೇರ್ಪಡಿಸಿ ಹೇಳುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಬೇಕಾದ ತರಬೇತಿಯನ್ನು ಅರ್ಥಶಾಸ್ತ್ರ ನೀಡುತ್ತದೆ. ಇಂಥ ಕೆಲಸ ಬ್ಯಾಂಕಿನಲ್ಲೂ ಇದೆ, ಸರ್ಕಾರದಲ್ಲೂ ಇದೆ, ಮಾರುಕಟ್ಟೆಯಲ್ಲೂ ಇದೆ. ಅರ್ಥಶಾಸ್ತ್ರ ಓದಿದವರು ಹಲವು ಕ್ಷೇತ್ರಗಳಲ್ಲಿ ಕಾಣಸಿಗುವುದಕ್ಕೆ ಇದೇ ಕಾರಣ.

ಜೋಡಿ ವಿಷಯದ ಮಹತ್ವ

ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಕಲಾ ವಿಭಾಗದಲ್ಲಿ ಅರ್ಥಶಾಸ್ತ್ರವನ್ನು ಸಾಮಾನ್ಯವಾಗಿ ಇತರ ವಿಷಯಗಳೊಂದಿಗೆ ಸೇರಿಸಿ ಓದಲಾಗುತ್ತದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಎಚ್ಇಪಿ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಎಚ್ಇಎಸ್. ಐಚ್ಛಿಕ ಕನ್ನಡವಿರುವ ಎಚ್ಇಕೆ ಇವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಚಿರಪರಿಚಿತ. ಅರ್ಥಶಾಸ್ತ್ರದೊಡನೆ ಗಣಿತ ಹಾಗೂ ಸಂಖ್ಯಾಶಾಸ್ತ್ರವನ್ನು ನೀಡುವ ಕಾಲೇಜುಗಳು ಕಡಿಮೆ; ಅವುಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳಲ್ಲಿವೆ.

ಮೊದಲ ಗುಂಪಿನ ಸಂಯೋಜನೆಗಳು ನಾಗರಿಕ ಸೇವೆ, ಶಿಕ್ಷಕ ವೃತ್ತಿ, ಪತ್ರಿಕೋದ್ಯಮ, ಕಾನೂನು, ಸಮಾಜಸೇವಾ ಕ್ಷೇತ್ರಗಳಿಗೆ ಉತ್ತಮ ತಳಹದಿ. ಎರಡನೆಯ ಗುಂಪು ರಾಷ್ಟ್ರಮಟ್ಟದ ಸಂಶೋಧನೆ, ದತ್ತಾಂಶ ವಿಶ್ಲೇಷಣೆ, ಹಣಕಾಸು ಸಂಸ್ಥೆಗಳಿಗೆ ಒಯ್ಯುತ್ತದೆ. ಒಂದು ಮೇಲು, ಇನ್ನೊಂದು ಕೀಳು ಎಂದು ಇದರ ಅರ್ಥವಲ್ಲ. ಆದರೆ ಎಚ್ಇಪಿ ಓದಿದ ವಿದ್ಯಾರ್ಥಿ ಪದವಿಯ ನಂತರ ಎರಡನೆಯ ದಾರಿಗೆ ಹೊರಳಬಯಸಿದರೆ ಗಣಿತ ಅಡ್ಡ ನಿಲ್ಲುತ್ತದೆ.

ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ನೀಡುವ ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ, ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಐಐಟಿಗಳು ನಡೆಸುವ ಜಾಮ್ ಪರೀಕ್ಷೆಯ ಅರ್ಥಶಾಸ್ತ್ರ ಪತ್ರಿಕೆ ಇವೆಲ್ಲ ಗಣಿತದ ಗಟ್ಟಿ ಜ್ಞಾನವನ್ನು ನಿರೀಕ್ಷಿಸುತ್ತವೆ. ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ ಗೊತ್ತಿಲ್ಲದೆ ಇಲ್ಲಿನ ಪ್ರಶ್ನೆಪತ್ರಿಕೆಯನ್ನು ಎದುರಿಸುವುದು ಕಷ್ಟ. ಎಸ್ಎಸ್ಎಲ್‌ಸಿ ನಂತರ 'ಗಣಿತದ ಕಾಟ ತಪ್ಪಿತು' ಎಂದು ಕಲಾ ವಿಭಾಗಕ್ಕೆ ಬಂದ ವಿದ್ಯಾರ್ಥಿಗೆ ಈ ಸಂಗತಿಯನ್ನು ಆಗಲೇ ಹೇಳುವವರು ವಿರಳ.

ಪರಿಹಾರವೇ ಇಲ್ಲವೆಂದಲ್ಲ. ಪಿಯು ಹಂತದಲ್ಲಿ ವಾಣಿಜ್ಯ ವಿಭಾಗ ಸೇರುವವರು ಸಂಖ್ಯಾಶಾಸ್ತ್ರವಿರುವ ಎಸ್ಇಬಿಎ ಸಂಯೋಜನೆಯನ್ನೋ ಮೂಲ ಗಣಿತವನ್ನೋ ಆರಿಸಿಕೊಳ್ಳಬಹುದು. ಈಗಾಗಲೇ ಬಿ.ಎ. ಸೇರಿದವರು ಮೊದಲ ಎರಡು ವರ್ಷಗಳಲ್ಲಿ ಪಿಯು ಗಣಿತದ ಪಠ್ಯವನ್ನು ಸ್ವಂತವಾಗಿ ಅಭ್ಯಾಸ ಮಾಡಬಹುದು. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಅರ್ಥಮಿತಿಯ ಪಾಠಗಳು ಉಚಿತವಾಗಿ ಲಭ್ಯ. ದಿನಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಮೀಸಲಿಟ್ಟರೆ ಕೊರತೆಯ ಬಹುಭಾಗವನ್ನು ತುಂಬಿಕೊಳ್ಳಬಹುದು. ಅಂತಿಮ ವರ್ಷದಲ್ಲಿ ಆರಂಭಿಸಿದರೆ ಸಮಯ ಸಾಲುವುದಿಲ್ಲ.

ಸರ್ಕಾರಿ ಸೇವೆ

ಅರ್ಥಶಾಸ್ತ್ರ ಓದಿದವರಿಗಾಗಿಯೇ ಇರುವ ಸೇವೆ ಭಾರತೀಯ ಆರ್ಥಿಕ ಸೇವೆ. 1961ರಲ್ಲಿ ರಚನೆಯಾದ ಈ ಸೇವೆಗೆ ಕೇಂದ್ರ ಲೋಕಸೇವಾ ಆಯೋಗ ಪರೀಕ್ಷೆ ನಡೆಸುತ್ತದೆ. ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ವ್ಯವಹಾರ ಅರ್ಥಶಾಸ್ತ್ರ ಅಥವಾ ಅರ್ಥಮಿತಿಯಲ್ಲಿ ಸ್ನಾತಕೋತ್ತರ ಪದವಿ ಕಡ್ಡಾಯ. ಸಾಮಾನ್ಯ ವರ್ಗಕ್ಕೆ ವಯೋಮಿತಿ 21ರಿಂದ 30. ಲಿಖಿತ ಪರೀಕ್ಷೆಗೆ 1,000 ಅಂಕ, ಸಂದರ್ಶನಕ್ಕೆ 200 ಅಂಕ. ಇಂಗ್ಲಿಷ್ ಮತ್ತು ಸಾಮಾನ್ಯ ಅಧ್ಯಯನದ ತಲಾ 100 ಅಂಕದ ಪತ್ರಿಕೆಗಳನ್ನು ಬಿಟ್ಟರೆ ಉಳಿದ ನಾಲ್ಕೂ ಪತ್ರಿಕೆಗಳು ಅರ್ಥಶಾಸ್ತ್ರದವೇ. ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಹುದ್ದೆಗಳ ಸಂಖ್ಯೆ ಕಡಿಮೆಯಾದ್ದರಿಂದ ಇದೊಂದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ಪದವಿ ಸಾಕು. ಮುಖ್ಯ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ಐಚ್ಛಿಕ ವಿಷಯವಾಗಿ ಲಭ್ಯ. ಅದನ್ನು ಆರಿಸದವರಿಗೂ ಸಾಮಾನ್ಯ ಅಧ್ಯಯನದ ಮೂರನೇ ಪತ್ರಿಕೆಯಲ್ಲಿ ಆರ್ಥಿಕ ಅಭಿವೃದ್ಧಿಯ ಪ್ರಶ್ನೆಗಳು ಎದುರಾಗುತ್ತವೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ ಎಂಬುದನ್ನು ಮರೆಯಬಾರದು. ಕರ್ನಾಟಕ ಲೋಕಸೇವಾ ಆಯೋಗದ ಕೆಎಎಸ್, ವಾಣಿಜ್ಯ ತೆರಿಗೆ, ಸಹಕಾರ, ಪಂಚಾಯತ್ ರಾಜ್ ಇಲಾಖೆಗಳ ಪರೀಕ್ಷೆಗಳಲ್ಲೂ ಈ ಓದು ಕೈಹಿಡಿಯುತ್ತದೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆಗಳನ್ನು ಬಯಸುವವರು ಸಂಖ್ಯಾಶಾಸ್ತ್ರವನ್ನು ಕುರಿತ ಅರ್ಹತೆಯನ್ನು ಅಧಿಸೂಚನೆಯಲ್ಲಿ ಮೊದಲೇ ನೋಡಿಕೊಳ್ಳಬೇಕು.

ತಾಲ್ಲೂಕಿಗೆ ತಲುಪಿದ ಲೆಕ್ಕ

ಅರ್ಥಶಾಸ್ತ್ರಜ್ಞರ ಕೆಲಸದಿಂದ ಜನರಿಗೇನು ಪ್ರಯೋಜನ ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಉತ್ತರವಿದೆ. ಪ್ರಾದೇಶಿಕ ಅಸಮಾನತೆ ನಿವಾರಣೆಗೆ ಮಾರ್ಗ ಸೂಚಿಸಲು 2000ದಲ್ಲಿ ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ರಚಿಸಿತು. ಸಮಿತಿ 2002ರಲ್ಲಿ ವರದಿ ನೀಡಿತು.

ಉತ್ತರ ಕರ್ನಾಟಕ ಹಿಂದುಳಿದಿದೆ ಎಂಬ ದೂರು ಅದಕ್ಕೂ ಮೊದಲೇ ಇತ್ತು. ಸಮಿತಿ ಮಾಡಿದ್ದೇನೆಂದರೆ ಆ ದೂರನ್ನು ಅಳೆದು ನೋಡಿದ್ದು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದ ಕ್ಷೇತ್ರಗಳಿಂದ 35 ಸೂಚಕಗಳನ್ನು ಆಯ್ದು, ಅಂದಿನ 175 ತಾಲ್ಲೂಕುಗಳಿಗೂ ಅಭಿವೃದ್ಧಿಯ ಸೂಚ್ಯಂಕ ಸಿದ್ಧಪಡಿಸಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. 114ರಲ್ಲಿ 59 ಉತ್ತರ ಕರ್ನಾಟಕದವಾದರೆ 55 ದಕ್ಷಿಣ ಕರ್ನಾಟಕದವು. ಅತ್ಯಂತ ಹಿಂದುಳಿದ 39ರಲ್ಲಿ ಮಾತ್ರ 26 ಉತ್ತರದವು. ಉತ್ತರದ ಕೊರತೆ ಎಷ್ಟು ಆಳವಾಗಿದೆ ಎಂಬುದು ಸ್ಪಷ್ಟವಾಯಿತು. ದಕ್ಷಿಣದ ಒಣ ತಾಲ್ಲೂಕುಗಳೂ ಲೆಕ್ಕಕ್ಕೆ ಬಂದವು. ಎಂಟು ವರ್ಷಗಳ ಅವಧಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. 2007-08ರಿಂದ ಆ ಯೋಜನೆ ಅನುಷ್ಠಾನಕ್ಕೆ ಬಂತು.

ಇದೇ ವಿಷಯದ ಮರುಪರಿಶೀಲನೆಗೆ ರಾಜ್ಯ ಸರ್ಕಾರ ಮುಂದೆ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರೂ ಅರ್ಥಶಾಸ್ತ್ರಜ್ಞರೇ, ಪ್ರೊ. ಎಂ. ಗೋವಿಂದ ರಾವ್. ಸೂಚಕಗಳನ್ನು ಆರಿಸುವುದು, ಸರಾಸರಿ ತೆಗೆಯುವುದು, ಹೋಲಿಸುವುದು ಇವೆಲ್ಲ ಪದವಿ ತರಗತಿಯಲ್ಲಿ ಕಲಿಯುವ ಸಂಗತಿಗಳೇ. ಒಂದು ತಾಲ್ಲೂಕಿಗೆ ಅನುದಾನ ಸಿಗುವುದೋ ಇಲ್ಲವೋ ಎಂಬುದು ಅವುಗಳಿಂದಲೇ ತೀರ್ಮಾನವಾಗಬಲ್ಲದು.

ಬ್ಯಾಂಕು ಮತ್ತು ಸಹಕಾರ

1906ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮೊದಲಾದವು ಕರಾವಳಿಗೆ ಬ್ಯಾಂಕುಗಳ ತವರು ಎಂಬ ಹೆಸರು ತಂದಿದ್ದವು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಆದರೂ ಅರ್ಥಶಾಸ್ತ್ರ ಪದವೀಧರರಿಗೆ ಬ್ಯಾಂಕಿಂಗ್ ಇಂದಿಗೂ ಮುಖ್ಯ ಕ್ಷೇತ್ರವೇ.

ರಿಸರ್ವ್ ಬ್ಯಾಂಕಿನ 'ಬಿ' ಶ್ರೇಣಿ ಅಧಿಕಾರಿ ಹುದ್ದೆಗಳಲ್ಲಿ ಸಾಮಾನ್ಯ ವಿಭಾಗಕ್ಕೆ ಶೇ 60 ಅಂಕಗಳ ಪದವಿ ಬೇಕು. ಎರಡನೇ ಹಂತದ ಪರೀಕ್ಷೆಯಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳ ಪತ್ರಿಕೆ ಇರುತ್ತದೆ. ಬ್ಯಾಂಕಿನ ಆರ್ಥಿಕ ಮತ್ತು ನೀತಿ ಸಂಶೋಧನಾ ವಿಭಾಗಕ್ಕೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರರನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳಲಾಗುತ್ತದೆ. 1982ರಲ್ಲಿ ಸ್ಥಾಪನೆಯಾದ ನಬಾರ್ಡ್‌ನ 'ಎ' ಶ್ರೇಣಿ ಪರೀಕ್ಷೆಯಲ್ಲಿ ಗ್ರಾಮೀಣ ಭಾರತವನ್ನು ಕೇಂದ್ರವಾಗಿಟ್ಟ ಆರ್ಥಿಕ ವಿಷಯಗಳಿಗೆ ಒತ್ತು.

ಹಳ್ಳಿಗಾಡಿನ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರವಾದುದು ಗ್ರಾಮೀಣ ಬ್ಯಾಂಕು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ರೂಪುಗೊಂಡಿದೆ. ಗ್ರಾಮೀಣ ಬ್ಯಾಂಕುಗಳ ಒಂದನೇ ಶ್ರೇಣಿಯ ಅಧಿಕಾರಿ ಹುದ್ದೆಗೆ ಯಾವುದೇ ಪದವಿ ಸಾಕಾದರೂ ಅರ್ಥಶಾಸ್ತ್ರವೂ ಸೇರಿದಂತೆ ಕೆಲವು ವಿಷಯಗಳ ಪದವೀಧರರಿಗೆ ಆದ್ಯತೆ ಇದೆ ಎಂದು ಅಧಿಸೂಚನೆಗಳು ಹೇಳುತ್ತವೆ. ಸ್ಥಳೀಯ ಭಾಷೆಯ ಜ್ಞಾನ ಅಗತ್ಯ. ಐಬಿಪಿಎಸ್ ನಡೆಸುವ ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು. 2021ರ ತೀರ್ಮಾನದ ನಂತರ ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಈ ಅವಕಾಶ ವಿಸ್ತರಿಸಿದೆ.

ಸಹಕಾರ ಕ್ಷೇತ್ರವನ್ನೂ ಕಡೆಗಣಿಸುವಂತಿಲ್ಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘದಿಂದ ಆರಂಭವಾದ ಪರಂಪರೆ ಇಂದು ಡಿಸಿಸಿ ಬ್ಯಾಂಕು, ಹಾಲು ಒಕ್ಕೂಟ, ಪಟ್ಟಣ ಸಹಕಾರ ಬ್ಯಾಂಕುಗಳವರೆಗೆ ಹಬ್ಬಿದೆ.

ಬೋಧನೆ, ಸಂಶೋಧನೆ

ಪದವಿಯೊಂದಿಗೆ ಬಿ.ಇಡಿ. ಮುಗಿಸಿದವರು ನಿಗದಿತ ವಿಷಯಗಳನ್ನು ಓದಿದ್ದರೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕರಾಗಬಹುದು. ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಇಡಿ. ಬೇಕು. ಪದವಿ ಕಾಲೇಜಿಗೆ ಶೇ 55 ಅಂಕಗಳ ಎಂ.ಎ. ಹಾಗೂ ಎನ್ಇಟಿ ಅಥವಾ ಕೆಸೆಟ್ ಅರ್ಹತೆ ಅಗತ್ಯ. ಕಾಯಂ ನೇಮಕಾತಿ ವರ್ಷವರ್ಷವೂ ನಡೆಯುವುದಿಲ್ಲ. ಹಲವರು ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿಯುತ್ತಾರೆ ಎಂಬುದು ಈ ದಾರಿ ಹಿಡಿಯುವವರು ಮೊದಲೇ ಅರಿತಿರಬೇಕಾದ ಸತ್ಯ.

ಸಂಶೋಧನೆಯಲ್ಲಿ ಆಸಕ್ತಿ ಉಳ್ಳವರಿಗೆ ಬೆಂಗಳೂರಿನಲ್ಲಿ ಪ್ರೊ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಜನರ ಬಾಯಲ್ಲಿ ಅದು ಐಸೆಕ್. ಧಾರವಾಡದಲ್ಲಿ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವಿದೆ. 2017ರಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇಂದು ವಿಶ್ವವಿದ್ಯಾಲಯವಾಗಿದೆ. ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರಗಿ, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪರೀಕ್ಷೆಯ ಮೂಲಕ ಪ್ರವೇಶ. ಉದ್ಯೋಗದಲ್ಲಿರುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಎಂ.ಎ. ಓದಬಹುದು.

ಖಾಸಗಿ ಕ್ಷೇತ್ರ

ಬೆಂಗಳೂರಿನ ದತ್ತಾಂಶ ವಿಶ್ಲೇಷಣಾ ಸಂಸ್ಥೆಗಳು, ಮಾರುಕಟ್ಟೆ ಸಮೀಕ್ಷಾ ಸಂಸ್ಥೆಗಳು, ಕ್ರಿಸಿಲ್, ಇಕ್ರಾ ಮೊದಲಾದ ಸಾಲ ಯೋಗ್ಯತಾ ಶ್ರೇಯಾಂಕ ಸಂಸ್ಥೆಗಳು, ಸಲಹಾ ಸಂಸ್ಥೆಗಳು ಅರ್ಥಶಾಸ್ತ್ರ ಓದಿದವರನ್ನು ಬಯಸುತ್ತವೆ. ಆದರೆ ಇಲ್ಲಿ ಬೇಡಿಕೆ ನಿಯಮದ ವ್ಯಾಖ್ಯೆ ಗೊತ್ತಿದ್ದರೆ ಸಾಲದು. ಸಾವಿರಾರು ಸಾಲುಗಳ ಕೋಷ್ಟಕವೊಂದನ್ನು ಎದುರಿಗಿಟ್ಟರೆ ಅದರಿಂದ ಅರ್ಥ ಹೊರಡಿಸಲು ಬರಬೇಕು. ಎಕ್ಸೆಲ್ ಕನಿಷ್ಠ ಅಗತ್ಯ. ಎಸ್‌ಕ್ಯೂಎಲ್, ಆರ್ ಅಥವಾ ಪೈಥಾನ್ ತಿಳಿದಿದ್ದರೆ ಅನುಕೂಲ. ಆರ್ ಮತ್ತು ಪೈಥಾನ್ ಎರಡೂ ಉಚಿತ ತಂತ್ರಾಂಶಗಳು. ವಿಮಾ ಗಣಕರಾಗಬಯಸುವವರಿಗೆ ಪ್ರತ್ಯೇಕ ವೃತ್ತಿಪರ ಪರೀಕ್ಷೆಗಳಿವೆ; ಅಲ್ಲಿಯೂ ಗಣಿತವೇ ಅಡಿಪಾಯ.

ಕಾನೂನು, ಪತ್ರಿಕೋದ್ಯಮ, ಸಮಾಜಸೇವೆ

ಅರ್ಥಶಾಸ್ತ್ರಕ್ಕೆ ಮತ್ತೊಂದು ವಿದ್ಯೆಯನ್ನು ಜೋಡಿಸಿದವರಿಗೆ ಶ್ರೇಷ್ಠ ನಿದರ್ಶನ ಡಾ. ಬಿ.ಆರ್. ಅಂಬೇಡ್ಕರ್. ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1915ರಲ್ಲಿ ಎಂ.ಎ. ಪಡೆದ ಅವರು 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿದರು; 1920ರಲ್ಲಿ 'ಮೂಕನಾಯಕ' ಪತ್ರಿಕೆ ಹೊರತಂದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ 1923ರಲ್ಲಿ ಡಿ.ಎಸ್ಸಿ. ಪಡೆದರು. ಬ್ಯಾರಿಸ್ಟರ್ ಆದರು. ಪ್ರಾಂತೀಯ ಹಣಕಾಸನ್ನು ಕುರಿತ ಅವರ ಕೃತಿ 1925ರಲ್ಲಿ ಪ್ರಕಟವಾಯಿತು. ಕೇಂದ್ರ ಮತ್ತು ಪ್ರಾಂತಗಳ ನಡುವಿನ ಹಣಕಾಸು ಸಂಬಂಧವನ್ನು ಹೀಗೆ ಆಳವಾಗಿ ಅಭ್ಯಸಿಸಿದವರೇ ಮುಂದೆ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾದರು.

ಇಂದಿಗೂ ಪದವಿಯ ನಂತರ ಮೂರು ವರ್ಷದ ಎಲ್ಎಲ್‌ಬಿ ಓದಿದವರಿಗೆ ತೆರಿಗೆ, ಸ್ಪರ್ಧಾ ಕಾಯ್ದೆ, ವಿದ್ಯುತ್ ದರ ನಿಯಂತ್ರಣದಂಥ ವಿಷಯಗಳಲ್ಲಿ ವಿಶೇಷ ಅವಕಾಶವಿದೆ. ಪತ್ರಿಕೋದ್ಯಮದಲ್ಲಿ ರಾಜಸ್ವ ಕೊರತೆಗೂ ವಿತ್ತೀಯ ಕೊರತೆಗೂ ಇರುವ ವ್ಯತ್ಯಾಸವನ್ನು ಓದುಗನಿಗೆ ತಿಳಿಯುವ ಕನ್ನಡದಲ್ಲಿ ಬರೆಯಬಲ್ಲವರ ಅಗತ್ಯ ಬಜೆಟ್ ದಿನ ಎದ್ದು ಕಾಣುತ್ತದೆ. ಸಮಾಜಸೇವಾ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ತನ್ನದೇ ಇತಿಹಾಸವಿದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ರೂಪಿಸಿದ ಸ್ವಸಹಾಯ ಗುಂಪುಗಳ ಅನುಭವ, 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು-ಬ್ಯಾಂಕ್ ಜೋಡಣೆ ಕಾರ್ಯಕ್ರಮಕ್ಕೆ ದಾರಿ ಮಾಡಿತು. ಇಂಥ ಸಂಸ್ಥೆಗಳಿಗೆ ಹಳ್ಳಿಯ ಭಾಷೆಯೂ ಗೊತ್ತಿರುವ, ಲೆಕ್ಕವೂ ಗೊತ್ತಿರುವ ಯುವಜನರು ಬೇಕು.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಓದಿದವರಲ್ಲಿ ಹಿಂಜರಿಕೆ ಸಹಜ. ಮೇಲೆ ವಿವರಿಸಿದಂತೆ ಕೆಲವು ಪರೀಕ್ಷೆಗಳಿಗೆ ಕನ್ನಡವೇ ಸಾಕು, ಕೆಲವಕ್ಕೆ ಇಂಗ್ಲಿಷ್ ಅನಿವಾರ್ಯ. ಇದಕ್ಕೆ ಸುಲಭ ಉಪಾಯವೊಂದಿದೆ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರಕಟವಾಗುತ್ತದೆ. ಒಂದೇ ಅಧ್ಯಾಯವನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು ಓದಿದರೆ ಪರಿಭಾಷೆಯ ಭಯ ಹೋಗುತ್ತದೆ. ರಾಜ್ಯದ ಅಂಕಿ-ಅಂಶಗಳೂ ಬಾಯಿಗೆ ಬರುತ್ತವೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು

ಮೊದಲ ವರ್ಷದಲ್ಲೇ ಗಣಿತ ಮತ್ತು ಸಂಖ್ಯಾಶಾಸ್ತ್ರದ ಕೊರತೆಯನ್ನು ಗುರುತಿಸಿಕೊಳ್ಳಬೇಕು. ಎರಡನೇ ವರ್ಷದೊಳಗೆ ಎಕ್ಸೆಲ್ ಬಳಕೆ ಕಲಿತು, ತಮ್ಮ ಊರಿನ ಒಂದು ಸಣ್ಣ ಸಂಗತಿಯನ್ನು, ಉದಾಹರಣೆಗೆ ಸಂತೆಯ ತರಕಾರಿ ದರವನ್ನು, ಆರು ತಿಂಗಳ ಕಾಲ ವಾರವಾರ ದಾಖಲಿಸಿ ನೋಡಬೇಕು. ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ. ಮೂರನೇ ವರ್ಷದ ಆರಂಭದಲ್ಲಿ ತಮ್ಮ ಗುರಿಯ ಎರಡು ದಾರಿಗಳನ್ನು ಆರಿಸಿಕೊಂಡು, ಅವುಗಳ ಇತ್ತೀಚಿನ ಅಧಿಸೂಚನೆಯನ್ನು ಪೂರ್ಣವಾಗಿ ಓದಬೇಕು. ಅರ್ಹತೆ, ವಯೋಮಿತಿ, ಪರೀಕ್ಷಾ ಭಾಷೆ ಕಾಲಕಾಲಕ್ಕೆ ಬದಲಾಗುತ್ತವೆ. ಗೆಳೆಯರು ಹೇಳಿದ್ದನ್ನು ನಂಬಿ ಅರ್ಜಿ ಹಾಕಬಾರದು. ಕೃಷಿ ಅರ್ಥಶಾಸ್ತ್ರದ ಎಂ.ಎಸ್ಸಿ. ಪದವಿ ಕೃಷಿ ವಿಶ್ವವಿದ್ಯಾಲಯಗಳದು, ಅದಕ್ಕೆ ಸಾಮಾನ್ಯವಾಗಿ ಬಿ.ಎಸ್ಸಿ. ಕೃಷಿ ಬೇಕು ಎಂಬಂಥ ವ್ಯತ್ಯಾಸಗಳು ಹೆಸರು ನೋಡಿದರೆ ತಿಳಿಯುವುದಿಲ್ಲ.

ಪೋಷಕರೂ ಅಧ್ಯಾಪಕರೂ ಮಾಡಬಹುದಾದ ಕೆಲಸವೊಂದಿದೆ. ಸೀಟು ಸಿಕ್ಕಿತೆಂದೋ ಜೊತೆಗಾರರು ಸೇರಿದರೆಂದೋ ವಿಷಯ ಸಂಯೋಜನೆಯನ್ನು ಆರಿಸಿಕೊಳ್ಳುವ ಮಕ್ಕಳಿಗೆ, ಯಾವ ಸಂಯೋಜನೆ ಯಾವ ದಾರಿಗೆ ಒಯ್ಯುತ್ತದೆ ಎಂದು ಅರ್ಜಿ ತುಂಬುವ ಮೊದಲೇ ಹೇಳಬೇಕು. ಲಭ್ಯವಿರುವುದರಲ್ಲಿ ತಿಳಿದು ಆರಿಸಿಕೊಳ್ಳುವುದೇ ಅರ್ಥಶಾಸ್ತ್ರದ ಮೊದಲ ಪಾಠ. ಆ ಪಾಠದ ಪ್ರಯೋಗ ಪ್ರವೇಶ ಅರ್ಜಿಯಿಂದಲೇ ಆರಂಭವಾಗಲಿ.